ರಸೆಲ್ ವೆಸ್ಟ್‌ಬ್ರೂಕ್ ನಿಜಕ್ಕೂ ಎಂಥ ಪಾಯಿಂಟ್ ಗಾರ್ಡ್? ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ನೋಡುವವರ ನಡುವೆ ರಸೆಲ್ ವೆಸ್ಟ್‌ಬ್ರೂಕ್ ಹೆಸರು ಎತ್ತಿದರೆ ಸಾಕು, ಜಗಳ ಗ್ಯಾರಂಟಿ. ಕೆಲವರಿಗೆ ಅವನು ದೇವರು, ಕೆಲವರಿಗೆ ಗೆಲ್ಲೋ ಮ್ಯಾಚ್ ಕಳೆಯುವವನು. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿಯಬೇಕಾದ್ದು

ಪಾಯಿಂಟ್ ಗಾರ್ಡ್ ಅಂದ್ರೆ ಯಾರು? ಅವನ ಕೆಲಸ ಏನು?

ಚೆಂಡನ್ನು ಕೋರ್ಟಿನ ಆ ತುದಿಯಿಂದ ಈ ತುದಿಗೆ ತರುವವನು, ಯಾವ ಪ್ಲೇ ಆಡಬೇಕು ಎಂದು ಕೂಗಿ ಹೇಳುವವನು, ಯಾರ ಕೈಗೆ ಯಾವಾಗ ಚೆಂಡು ಹೋಗಬೇಕು ಎಂದು ತೀರ್ಮಾನಿಸುವವನು. ಹಳೆಯ ಲೆಕ್ಕದಲ್ಲಿ ಅವನು ಮೊದಲು ಪಾಸ್ ಮಾಡಬೇಕು, ಆಮೇಲೆ ಶೂಟ್ ಮಾಡಬೇಕು. ಈಗ ಆ ಗೆರೆ ಅಳಿಸಿಹೋಗಿದೆ. ಸ್ಟೀಫನ್ ಕರಿ ಕೂಡ ಪಾಯಿಂಟ್ ಗಾರ್ಡ್, ಕ್ರಿಸ್ ಪಾಲ್ ಕೂಡ ಪಾಯಿಂಟ್ ಗಾರ್ಡ್, ಇಬ್ಬರ ಆಟಕ್ಕೂ ಸಂಬಂಧವೇ ಇಲ್ಲ. ಹಾಗಾಗಿ "ಒಳ್ಳೆ ಪಾಯಿಂಟ್ ಗಾರ್ಡಾ?" ಎಂದು ಕೇಳುವ ಮೊದಲು "ಯಾವ ಟೀಮಿಗೆ?" ಎಂದು ಕೇಳುವುದು ಒಳ್ಳೆಯದು. ವೆಸ್ಟ್‌ಬ್ರೂಕ್ ವಿಷಯದಲ್ಲಂತೂ ಈ ಎರಡನೇ ಪ್ರಶ್ನೆ ಬಿಟ್ಟರೆ ಯಾವ ಉತ್ತರವೂ ಸರಿ ಬರುವುದಿಲ್ಲ.

ನಾನು ಈಗಷ್ಟೇ ಎನ್‌ಬಿಎ ನೋಡೋಕೆ ಶುರು ಮಾಡಿದ್ದು. ಇವನ ಕಥೆ ಚಿಕ್ಕದಾಗಿ ಹೇಳ್ತೀರಾ?

1988ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹುಟ್ಟಿದ. ಯುಸಿಎಲ್ಎ ಎಂಬ ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಆಡಿದ. 2008ರ ಡ್ರಾಫ್ಟ್‌ನಲ್ಲಿ (ಟೀಮುಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) 4ನೇಯವನಾಗಿ ಸಿಯಾಟಲ್ ಸೂಪರ್‌ಸಾನಿಕ್ಸ್‌ಗೆ ಆಯ್ಕೆಯಾದ. ಕೆಲವೇ ದಿನಗಳಲ್ಲಿ ಆ ಟೀಮೇ ಊರು ಬಿಟ್ಟು ಒಕ್ಲಹೋಮ ಸಿಟಿಗೆ ಹೋಗಿ ಥಂಡರ್ ಆಯಿತು. ಅಲ್ಲಿ 11 ಸೀಸನ್ ಆಡಿದ. ಆಮೇಲೆ ಹ್ಯೂಸ್ಟನ್, ವಾಷಿಂಗ್ಟನ್, ಲೇಕರ್ಸ್, ಕ್ಲಿಪ್ಪರ್ಸ್, ಡೆನ್ವರ್, ಅಲ್ಲಿಂದ ಸ್ಯಾಕ್ರಮೆಂಟೊ. 2017ರಲ್ಲಿ ಎಂವಿಪಿ, ಅಂದರೆ ಆ ಸೀಸನ್ನಿನ ಅತ್ಯುತ್ತಮ ಆಟಗಾರ, ಆದ. 2012ರಲ್ಲಿ ಅಮೆರಿಕಕ್ಕೆ ಒಲಿಂಪಿಕ್ಸ್ ಚಿನ್ನ ತಂದ ತಂಡದಲ್ಲಿದ್ದ. ಎನ್‌ಬಿಎ ಫೈನಲ್ ಆಡಿದ್ದು ಒಂದೇ ಸಲ, ಅದೂ 2012ರಲ್ಲಿ. ಮಯಾಮಿ ಹೀಟ್ ಎದುರು 4-1ರಲ್ಲಿ ಸೋತರು.

ಟ್ರಿಪಲ್ ಡಬಲ್ ಟ್ರಿಪಲ್ ಡಬಲ್ ಅಂತ ಬಾಯಿ ಬಡ್ಕೋತಾರಲ್ಲ, ಏನದು?

ಒಂದೇ ಮ್ಯಾಚಿನಲ್ಲಿ ಮೂರು ಲೆಕ್ಕಗಳಲ್ಲಿ ಎರಡಂಕಿ ಮುಟ್ಟುವುದು. ಸಾಮಾನ್ಯವಾಗಿ ಪಾಯಿಂಟ್, ರೀಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡು ಹಿಡಿಯುವುದು), ಅಸಿಸ್ಟ್ (ಬಾಸ್ಕೆಟ್ ಆಗುವ ಪಾಸ್ ಕೊಡುವುದು). ಇಡೀ ಸೀಸನ್ನಿನ ಸರಾಸರಿಯೇ ಹಾಗೆ ಬರುವುದು 1961-62ರ ಆಸ್ಕರ್ ರಾಬರ್ಟ್‌ಸನ್ ಆದಮೇಲೆ ಇನ್ನು ಸಾಧ್ಯವಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ವೆಸ್ಟ್‌ಬ್ರೂಕ್ ಅದನ್ನು ನಾಲ್ಕು ಸೀಸನ್ ಮಾಡಿದ. 2016-17ರಲ್ಲಿ ಅವನ ಸರಾಸರಿ 31.6 ಪಾಯಿಂಟ್, 10.7 ರೀಬೌಂಡ್, 10.4 ಅಸಿಸ್ಟ್. ಅದೇ ಸೀಸನ್ನಿನಲ್ಲಿ 42 ಟ್ರಿಪಲ್ ಡಬಲ್ ಮಾಡಿ ರಾಬರ್ಟ್‌ಸನ್‌ನ 41ರ ದಾಖಲೆ ಮುರಿದ. 2021ರ ಮೇ ತಿಂಗಳಲ್ಲಿ ಅಟ್ಲಾಂಟಾದಲ್ಲಿ 182ನೆಯದನ್ನು ಮಾಡಿ ರಾಬರ್ಟ್‌ಸನ್‌ನ ಒಟ್ಟು ದಾಖಲೆಯನ್ನೂ ದಾಟಿದ.

10 ಒಂದು ದುಂಡಗಿನ ಅಂಕಿ, ಅಷ್ಟೇ. 9 ರೀಬೌಂಡ್ ತೆಗೆದವನಿಗೂ 10 ತೆಗೆದವನಿಗೂ ಆಟದಲ್ಲಿ ಏನೂ ವ್ಯತ್ಯಾಸ ಇರುವುದಿಲ್ಲ. ಆದರೂ ನಾಲ್ಕು ಸೀಸನ್ ಹಾಗೆ ಆಡುವುದು ಸುಮ್ನೆ ಆಗುವ ಮಾತಲ್ಲ.

## ಬಲ

ಅವನಲ್ಲಿ ಅಷ್ಟೊಂದು ವಿಶೇಷ ಏನಿದೆ? ಒಂದೇ ಒಂದು ಬಲ ಹೇಳಿ ಅಂದ್ರೆ?

ರೀಬೌಂಡ್ ಕೈಗೆ ಸಿಕ್ಕ ಕ್ಷಣದಿಂದ ಎದುರಿನ ರಿಂಗ್ ಮುಟ್ಟುವವರೆಗಿನ ಆ ನಾಲ್ಕೈದು ಸೆಕೆಂಡ್.

ಹೆಚ್ಚಿನ ಟೀಮುಗಳಲ್ಲಿ ಸೆಂಟರ್ (ರಿಂಗ್ ಹತ್ತಿರದ ಎತ್ತರದ ಆಟಗಾರ) ಆಡುವವನು ರೀಬೌಂಡ್ ಹಿಡಿಯುತ್ತಾನೆ, ತಿರುಗುತ್ತಾನೆ, ಗಾರ್ಡನ್ನು ಹುಡುಕಿ ಪಾಸ್ ಕೊಡುತ್ತಾನೆ. ಅಷ್ಟು ಹೊತ್ತಿಗೆ ಎದುರಾಳಿಗಳು ಓಡಿ ತಮ್ಮ ಜಾಗ ಹಿಡಿದಿರುತ್ತಾರೆ. ವೆಸ್ಟ್‌ಬ್ರೂಕ್ ತಾನೇ ಹಿಡಿದು ತಾನೇ ಓಡುತ್ತಾನೆ. ನಡುವಿನ ಒಂದು ಪಾಸ್ ಉಳಿಯುತ್ತದೆ. ಅವನು ಮೂರು ಡ್ರಿಬಲ್‌ನಲ್ಲಿ ಅರ್ಧ ಕೋರ್ಟ್ ದಾಟುವಾಗ ಡಿಫೆಂಡರ್‌ಗಳು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿರುತ್ತಾರೆ. ಮೂಲೆಯಲ್ಲಿ ನಿಂತ ಶೂಟರ್‌ನನ್ನು ಬಿಟ್ಟು ಇನ್ನೊಬ್ಬ ಒಳಗೆ ಬಂದರೆ ಚೆಂಡು ಮೂಲೆಗೆ ಹೋಗುತ್ತದೆ. ಬರದಿದ್ದರೆ ರಿಂಗ್ ಪಕ್ಕದಿಂದಲೇ ಲೇಅಪ್, ಅಥವಾ ಜಿಗಿದು ಕೈಯಿಂದಲೇ ಒಳಗೆ ತುರುಕುವ ಡಂಕ್. ಹಳೆಯ ಥಂಡರ್ ಮ್ಯಾಚುಗಳಲ್ಲಿ ಇದನ್ನು ಗಮನಿಸಿ ನೋಡಿ: ಅವನ ಕೈಗೆ ಚೆಂಡು ಬಂದ ಕೂಡಲೇ ಅವನ ಟೀಮಿನ ಇಬ್ಬರು ಹಿಂದೆ ತಿರುಗಿಯೂ ನೋಡದೆ ಎರಡು ಮೂಲೆಗಳಿಗೆ ಓಡುತ್ತಾರೆ. ಚೆಂಡು ಅಲ್ಲಿಗೆ ಬರುತ್ತದೆ ಎಂಬ ನಂಬಿಕೆ.

ಎತ್ತರ ಸುಮಾರು 6 ಅಡಿ 4 ಇಂಚು, ಅಷ್ಟೇ. ಆದರೆ ಆ ವೇಗದ ಜೊತೆ ಆ ಮೈಬಲ ಇರುವ ಗಾರ್ಡ್‌ಗಳು ಎನ್‌ಬಿಎ ಇತಿಹಾಸದಲ್ಲೇ ಕಡಿಮೆ.

ಆ ರೀಬೌಂಡ್‌ಗಳೆಲ್ಲ ಸ್ಟೀವನ್ ಆಡಮ್ಸ್ ಬಿಟ್ಟುಕೊಟ್ಟದ್ದು ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಥಂಡರ್‌ನ ಸೆಂಟರ್ ಆಡಮ್ಸ್ ಎದುರಾಳಿಯ ದೊಡ್ಡ ಆಳನ್ನು ಬೆನ್ನಿನಿಂದ ತಡೆದು ನಿಲ್ಲುತ್ತಿದ್ದ, ಚೆಂಡು ಸಲೀಸಾಗಿ ವೆಸ್ಟ್‌ಬ್ರೂಕ್ ಕೈಗೆ ಬೀಳುತ್ತಿತ್ತು. ಎಷ್ಟೋ ರೀಬೌಂಡ್‌ಗಳಿಗೆ ಪೈಪೋಟಿಯೇ ಇರಲಿಲ್ಲ. ಆದರೆ ಅದು ಟೀಮು ಬೇಕೆಂದೇ ಮಾಡುತ್ತಿದ್ದ ಕೆಲಸ. ಚೆಂಡು ಬೇಗ ಅವನ ಕೈ ಸೇರಿದರೆ ಓಟ ಬೇಗ ಶುರು, ಅಲ್ವಾ?

ಇನ್ನು ವಾಷಿಂಗ್ಟನ್‌ನಲ್ಲಿ ಆಡಮ್ಸ್ ಇರಲೇ ಇಲ್ಲ. ಅಲ್ಲಿ 2020-21ರಲ್ಲಿ ವೆಸ್ಟ್‌ಬ್ರೂಕ್ ಸರಾಸರಿ 11.5 ರೀಬೌಂಡ್ ತೆಗೆದ. ಥಂಡರ್‌ನ ಯಾವ ಸೀಸನ್ನಿಗಿಂತಲೂ ಜಾಸ್ತಿ. "ಕದ್ದ ರೀಬೌಂಡ್" ವಾದ ಇಲ್ಲಿಗೆ ನಿಲ್ಲುತ್ತದೆ.

ದೂರಲೇಬೇಕು ಅಂದರೆ ಬೇರೆ ಕಾರಣ ಇದೆ. ರೀಬೌಂಡ್‌ಗೆ ಹತ್ತಿರ ನಿಲ್ಲಲು ಅವನು ಕೆಲವೊಮ್ಮೆ ಹೊರಗಿನ ಶೂಟರ್‌ನನ್ನು ಬಿಟ್ಟು ಒಳಗೆ ಬರುತ್ತಾನೆ. ಚೆಂಡು ಆ ಶೂಟರ್‌ಗೆ ಹೋದಾಗ ಅವನ ಎದುರು ಯಾರೂ ಇರುವುದಿಲ್ಲ. ಈ ತಪ್ಪು ಅಂಕಿಅಂಶದ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಅವನು ಒಳ್ಳೆ ಪಾಸರ್ರಾ, ಅಥವಾ ಚೆಂಡು ಯಾವಾಗಲೂ ಅವನ ಕೈಲೇ ಇರೋದ್ರಿಂದ ಅಸಿಸ್ಟ್ ಬೀಳ್ತವಾ?

ಎರಡೂ. ಮೂರು ಸೀಸನ್ ಅವನು ಲೀಗಿನಲ್ಲೇ ಅತಿ ಹೆಚ್ಚು ಅಸಿಸ್ಟ್ ಸರಾಸರಿ ಇದ್ದವನು. ಒಂದೇ ಮ್ಯಾಚಿನಲ್ಲಿ 20 ಪಾಯಿಂಟ್, 20 ರೀಬೌಂಡ್, 21 ಅಸಿಸ್ಟ್ ಕೂಡ ಮಾಡಿದ್ದಾನೆ, 2019ರ ಏಪ್ರಿಲ್‌ನಲ್ಲಿ ಲೇಕರ್ಸ್ ಎದುರು. ಅದಕ್ಕೆ ಮುಂಚೆ ಅಂಥದ್ದು ಮಾಡಿದ್ದವನು ವಿಲ್ಟ್ ಚೇಂಬರ್ಲೇನ್ ಒಬ್ಬನೇ, 1968ರಲ್ಲಿ.

ಅವನ ಪಾಸ್‌ಗಳು ಹುಟ್ಟುವುದು ಅವನು ಹುಟ್ಟಿಸುವ ಭಯದಿಂದ. ರಿಂಗ್ ಕಡೆ ನುಗ್ಗುತ್ತಾನೆ, ಇಬ್ಬರು ಮೂವರು ಅವನತ್ತ ಮುಗಿಬೀಳುತ್ತಾರೆ, ಯಾರೋ ಒಬ್ಬ ಖಾಲಿ ಸಿಗುತ್ತಾನೆ. ಈ ತರದ ಪಾಸ್‌ನಲ್ಲಿ ಅವನು ಮೊದಲ ದರ್ಜೆ. ಕ್ರಿಸ್ ಪಾಲ್ ತರಹ ಪಿಕ್ ಅಂಡ್ ರೋಲ್‌ನಲ್ಲಿ (ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಂತು, ಆಮೇಲೆ ರಿಂಗ್ ಕಡೆ ಓಡುವ ಆಟ) ಡಿಫೆಂಡರ್‌ನನ್ನು ಬೆನ್ನ ಮೇಲೆ ಇಟ್ಟುಕೊಂಡು, ನಿಧಾನಿಸಿ, ಒಂದು ಸೆಕೆಂಡ್ ಕಾಯಿಸಿ ಕೊಡುವ ಪಾಸ್ ಇದೆಯಲ್ಲ, ಅದು ಇವನ ಕೈಲಿ ಅಪರೂಪ. ಅವನಿಗೆ ಒಂದೇ ಗೇರ್ ಎಂದು ಟೀಕಿಸುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೆ ನಡುವಿನ ಗೇರುಗಳನ್ನು ಅವನು ಮರೆಯುತ್ತಾನೆ ಎಂಬುದಂತೂ ಹೌದು.

## ಕೊರತೆ

ಶೂಟಿಂಗ್ ಅಷ್ಟೊಂದು ಕೆಟ್ಟದಾ? 30 ಪರ್ಸೆಂಟ್‌ಗೂ 36 ಪರ್ಸೆಂಟ್‌ಗೂ ಏನು ಮಹಾ ವ್ಯತ್ಯಾಸ?

ಕೈಯಲ್ಲೇ ಲೆಕ್ಕ ಹಾಕಿ. ನೂರು ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆಯುವ, ಮೂರು ಪಾಯಿಂಟಿನ ಶಾಟ್) ಎಸೆದು 30 ಹಾಕಿದರೆ 90 ಪಾಯಿಂಟ್. 36 ಹಾಕಿದರೆ 108. ಅಂದರೆ ಒಬ್ಬನ ಪ್ರತಿ ಎಸೆತಕ್ಕೆ 0.9, ಇನ್ನೊಬ್ಬನದ್ದಕ್ಕೆ 1.08. ಎನ್‌ಬಿಎಯಲ್ಲಿ ಒಂದು ಸಾಧಾರಣ ಪೊಸೆಷನ್‌ಗೆ (ಟೀಮಿಗೆ ಚೆಂಡು ಸಿಕ್ಕ ಒಂದು ಸರದಿ) ಒಂದು ಪಾಯಿಂಟ್‌ಗಿಂತ ತುಸು ಜಾಸ್ತಿ ಬರುತ್ತದೆ. ಒಬ್ಬ ಎಸೆದಾಗಲೆಲ್ಲ ಟೀಮಿಗೆ ನಷ್ಟ, ಇನ್ನೊಬ್ಬ ಎಸೆದರೆ ನಷ್ಟವಿಲ್ಲ. ವೆಸ್ಟ್‌ಬ್ರೂಕ್‌ನ ವೃತ್ತಿಜೀವನದ ಸರಾಸರಿ 30ರ ಆಸುಪಾಸು.

ಅದಕ್ಕಿಂತ ದೊಡ್ಡ ಪೆಟ್ಟು ಅವನು ಎಸೆಯದೇ ಇದ್ದಾಗ ಬೀಳುತ್ತದೆ. ಅವನನ್ನು ಕಾಯಬೇಕಾದ ಡಿಫೆಂಡರ್ ಎಂಟು ಹತ್ತು ಅಡಿ ಹಿಂದೆ ಸರಿದು ರಿಂಗ್ ಹತ್ತಿರ ನಿಂತುಬಿಡುತ್ತಾನೆ. "ಎಸಿ ಮಾರಾಯ, ಎಸಿ" ಅನ್ನುವ ಹಾಗೆ. ಆಗ ಅವನ ಟೀಮಿನ ಇನ್ನೊಬ್ಬ ಸ್ಟಾರ್ ಒಳಗೆ ನುಗ್ಗಿದರೆ ಎದುರಿಗೆ ಇಬ್ಬರು. ಚೆಂಡು ಕೈಯಲ್ಲಿದ್ದಾಗ ವೆಸ್ಟ್‌ಬ್ರೂಕ್ ದಾರಿ ಮಾಡುತ್ತಾನೆ, ಕೈಯಲ್ಲಿಲ್ಲದಾಗ ದಾರಿ ಕಟ್ಟುತ್ತಾನೆ.

ಫ್ರೀ ಥ್ರೋ ಮೊದಲು ಚೆನ್ನಾಗೇ ಹಾಕ್ತಿದ್ದ. ಆಮೇಲೆ ಏನಾಯ್ತು?

ಫೌಲ್ ಆದಾಗ ಯಾರೂ ಅಡ್ಡ ಬರದೆ ಎಸೆಯಲು ಸಿಗುವ ಅವಕಾಶ ಫ್ರೀ ಥ್ರೋ. ಅದರಲ್ಲಿ ಅವನು ಹಾಕಿದ್ದು 2016-17ರಲ್ಲಿ 84.5 ಶೇಕಡಾ. ಮುಂದಿನ ಸೀಸನ್ 73.7. ಅದರ ಮುಂದಿನದು 65.6. ಗಾಯವಾಗಿ ಹೀಗಾದದ್ದಲ್ಲ. 2017ರಲ್ಲಿ ಆಟದ ಸಮಯ ಉಳಿಸಲು ಎನ್‌ಬಿಎ ಕೆಲವು ನಿಯಮ ಬಿಗಿ ಮಾಡಿತು. ಎರಡು ಫ್ರೀ ಥ್ರೋಗಳ ನಡುವೆ ಶೂಟರ್ ತ್ರೀ ಪಾಯಿಂಟ್ ಗೆರೆ ದಾಟಿ ಹಿಂದೆ ಹೋಗುವಂತಿಲ್ಲ ಎಂದಿತು. ವೆಸ್ಟ್‌ಬ್ರೂಕ್‌ನ ರೂಢಿ ಇದ್ದದ್ದೇ ಹಿಂದೆ ಅರ್ಧ ಕೋರ್ಟ್ ಕಡೆ ನಡೆದುಹೋಗಿ, ಉಸಿರು ತೆಗೆದುಕೊಂಡು, ಮತ್ತೆ ಗೆರೆಗೆ ಬರುವುದು. ನಿಯಮದಿಂದ ತನ್ನ ಲಯ ತಪ್ಪಿತು ಎಂದು ಅವನೇ ಹೇಳಿದ್ದ.

ನಿಯಮ ಒಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಅಷ್ಟು ವರ್ಷ ಹೊಸ ರೂಢಿ ಮಾಡಿಕೊಳ್ಳಲು ಸಮಯ ಇತ್ತಲ್ಲ. ಆದರೆ ನಷ್ಟ ದೊಡ್ಡದು. ಮ್ಯಾಚಿಗೆ ಹತ್ತು ಫ್ರೀ ಥ್ರೋ ಸಿಗುವ ಆಟಗಾರ 84ರಿಂದ 65ಕ್ಕೆ ಇಳಿದರೆ ಹೆಚ್ಚುಕಡಿಮೆ ಎರಡು ಪಾಯಿಂಟ್ ಸೋರಿಹೋಗುತ್ತವೆ. ಮೈಗೆ ಮೈ ತಾಗಿಸಿ ಫೌಲ್ ಗಿಟ್ಟಿಸುವುದೇ ಬಂಡವಾಳವಾದವನಿಗೆ ಇದು ಬಂಡವಾಳಕ್ಕೇ ಬಿದ್ದ ಪೆಟ್ಟು.

ಇಷ್ಟೊಂದು ಟರ್ನೋವರ್ ಮಾಡೋನನ್ನ ಟೀಮಲ್ಲಿ ಯಾಕೆ ಇಟ್ಕೋತಾರೆ?

ಟರ್ನೋವರ್ ಅಂದರೆ ಶಾಟ್ ಎಸೆಯುವ ಮೊದಲೇ ಚೆಂಡು ಎದುರಾಳಿಗೆ ಹೋಗುವುದು. ಎಂವಿಪಿ ಆದ ಸೀಸನ್ನಿನಲ್ಲೇ ಮ್ಯಾಚಿಗೆ 5.4 ಟರ್ನೋವರ್. 10.4 ಅಸಿಸ್ಟ್‌ಗೆ 5.4, ಅಂದರೆ ಒಂದು ಟರ್ನೋವರ್‌ಗೆ ಎರಡು ಅಸಿಸ್ಟ್ ಕೂಡ ಪೂರ್ತಿ ಇಲ್ಲ. ಕ್ರಿಸ್ ಪಾಲ್‌ಗೆ ಈ ಅನುಪಾತ 4ರ ಹತ್ತಿರ.

ಆದರೆ ಚೆಂಡು ಜಾಸ್ತಿ ಹೊತ್ತು ಹಿಡಿದವನು ಜಾಸ್ತಿ ಕಳೆಯುತ್ತಾನೆ. ವೃತ್ತಿಜೀವನದ ಒಟ್ಟು ಟರ್ನೋವರ್ ಪಟ್ಟಿಯ ಮೊದಲ ಹೆಸರು ಲೆಬ್ರಾನ್ ಜೇಮ್ಸ್, ಎರಡನೆಯದು ವೆಸ್ಟ್‌ಬ್ರೂಕ್. ಲೆಬ್ರಾನ್‌ನನ್ನು ಯಾರೂ ಕೆಟ್ಟ ಆಟಗಾರ ಅನ್ನುವುದಿಲ್ಲ. ಹಾಗಾಗಿ ಎಷ್ಟು ಎಂಬುದಕ್ಕಿಂತ ಎಂಥದ್ದು ಎಂದು ನೋಡಿ. ಮೂಲೆಯ ಶೂಟರ್‌ಗೆ ಕೊಡಲು ಹೋಗಿ ಕೈ ತಪ್ಪಿದ ಪಾಸ್ ಒಂದು ತರ. ಯಾರೂ ಒತ್ತಡ ಹಾಕದೇ ಇದ್ದಾಗ ಮೂವರ ನಡುವೆ ಡ್ರಿಬಲ್ ಮಾಡಿಕೊಂಡು ನುಗ್ಗಿ ಕಳೆದದ್ದು ಇನ್ನೊಂದು ತರ. ವೆಸ್ಟ್‌ಬ್ರೂಕ್ ಎರಡನೆಯದನ್ನೂ ಧಾರಾಳವಾಗಿ ಮಾಡುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆ ಗಾದೆ ಅವನ ಕೆಲವು ನಾಲ್ಕನೇ ಕ್ವಾರ್ಟರ್‌ಗಳಿಗೆ ಹೇಳಿ ಮಾಡಿಸಿದ್ದು.

ಡಿಫೆನ್ಸ್ ಹೇಗೆ? ಮೈಬಲ ಇದೆ, ವೇಗ ಇದೆ, ಒಳ್ಳೆಯವನೇ ಇರಬೇಕಲ್ಲ?

ಮನಸ್ಸು ಮಾಡಿದಾಗ, ಚೆಂಡು ಇರುವವನ ಎದುರು, ಒಳ್ಳೆಯವನು. ಚೆಂಡು ಇಲ್ಲದವನನ್ನು ಕಾಯುವಾಗ ಗಮನ ಹಾರುತ್ತದೆ. ಪಾಸ್ ಕದಿಯಲು ಜಿಗಿದು, ಸಿಗದೇ ಹೋಗಿ, ಟೀಮು ನಾಲ್ವರಿಂದಲೇ ಐವರನ್ನು ಕಾಯುವ ಪರಿಸ್ಥಿತಿ ತರುತ್ತಾನೆ.

ಒಳ್ಳೆಯ ಮುಖ ನೋಡಬೇಕಾದರೆ 2023ರ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತು), ಫೀನಿಕ್ಸ್ ಸನ್ಸ್ ಎದುರಿನ ಮೊದಲ ಮ್ಯಾಚ್ ಹಾಕಿ. ಕ್ಲಿಪ್ಪರ್ಸ್ ಪರ ಆಡಿದ ವೆಸ್ಟ್‌ಬ್ರೂಕ್ ಅವತ್ತು 19 ಶಾಟ್ ಎಸೆದು ಹಾಕಿದ್ದು ಬರೀ 3. ಯಾರಾದರೂ ಬೈಯುವ ಅಂಕಿ. ಆದರೆ ಕೊನೆಯ ಕ್ಷಣಗಳಲ್ಲಿ ಡೆವಿನ್ ಬೂಕರ್‌ನ ಲೇಅಪ್ ತಡೆದ. ಚೆಂಡು ಗೆರೆ ದಾಟುವ ಮೊದಲೇ ಹಿಡಿದು, ಬೂಕರ್ ಮೈಗೇ ತಗುಲಿಸಿ ಹೊರಗೆ ಕಳಿಸಿದ. ಚೆಂಡು ಮತ್ತೆ ಕ್ಲಿಪ್ಪರ್ಸ್‌ಗೆ. ಆ ಮ್ಯಾಚ್ ಅವರು ಗೆದ್ದರು.

## ಅಂಕಿಯೊಳಗೆ ಇಳಿದಾಗ

ಅವನು ಟ್ರಿಪಲ್ ಡಬಲ್ ಮಾಡಿದಾಗ ಟೀಮು ಗೆಲ್ಲುತ್ತೆ. ಅಷ್ಟು ಸಾಕಲ್ವಾ?

2016-17ರಲ್ಲಿ ಅವನು ಟ್ರಿಪಲ್ ಡಬಲ್ ಮಾಡಿದ 42 ಮ್ಯಾಚ್‌ಗಳಲ್ಲಿ ಥಂಡರ್ ಗೆದ್ದದ್ದು 33. ಮಾಡದ 40ರಲ್ಲಿ ಗೆದ್ದದ್ದು 14. ನೋಡಿದರೆ ವಾದ ಮುಗಿದ ಹಾಗೆ ಕಾಣುತ್ತದೆ.

ಆದರೆ ಅಸಿಸ್ಟ್ ಎಂದರೇನು? ಇವನು ಕೊಟ್ಟ ಪಾಸನ್ನು ಇನ್ನೊಬ್ಬ ಬಾಸ್ಕೆಟ್ ಮಾಡಿದರೆ ಮಾತ್ರ ಅಸಿಸ್ಟ್. ಎಲ್ಲರ ಕೈ ಓಡಿದ ದಿನ ಹತ್ತು ಅಸಿಸ್ಟ್ ಸುಲಭ, ಗೆಲುವೂ ಸುಲಭ. ಡಿಫೆನ್ಸಿವ್ ರೀಬೌಂಡ್ ಕೂಡ ಎದುರಾಳಿ ತಪ್ಪಿದಾಗಲೇ ಸಿಗುವುದು. ಅಂದರೆ ಟೀಮು ಚೆನ್ನಾಗಿ ಆಡಿದ ದಿನವೇ ಟ್ರಿಪಲ್ ಡಬಲ್ ಕೂಡ ಬರುತ್ತದೆ. ಯಾವುದರಿಂದ ಯಾವುದು ಎಂದು ಈ ಅಂಕಿಯೊಂದರಿಂದಲೇ ಹೇಳಲಾಗದು.

2017ರ ಎಂವಿಪಿಗೆ ಅವನು ಅರ್ಹನಾ? ಹಾರ್ಡನ್‌ಗೆ ಅನ್ಯಾಯ ಆಯ್ತಾ?

ಪೈಪೋಟಿಯಲ್ಲಿದ್ದ ಜೇಮ್ಸ್ ಹಾರ್ಡನ್‌ನ ಹ್ಯೂಸ್ಟನ್ 55 ಮ್ಯಾಚ್ ಗೆದ್ದಿತ್ತು, ಕವಾಯ್ ಲೆನಾರ್ಡ್‌ನ ಸ್ಯಾನ್ ಆಂಟೋನಿಯೊ 61. ಥಂಡರ್ 47, ಲೀಗಿನ ಪಶ್ಚಿಮ ವಿಭಾಗದಲ್ಲಿ 6ನೇ ಸ್ಥಾನ. ಪೂರ್ತಿ ಸೀಸನ್ನಿನಲ್ಲಿ 50 ಗೆಲುವೂ ಇಲ್ಲದ ಟೀಮಿನಿಂದ ಎಂವಿಪಿ ಬಂದದ್ದು 1982ರ ಮೋಸೆಸ್ ಮಲೋನ್ ಆದಮೇಲೆ ಅದೇ ಮೊದಲು.

ಅವನ ಪರವಾದ ವಾದ ಇದು. ಹಿಂದಿನ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ಟೀಮು ಬಿಟ್ಟು ಗೋಲ್ಡನ್ ಸ್ಟೇಟ್‌ಗೆ ಹೋಗಿದ್ದ, ಅದೂ ಆ ಟೀಮಿನ ಎದುರೇ ಪ್ಲೇಆಫ್ ಸರಣಿಯಲ್ಲಿ 3-1 ಮುಂದಿದ್ದು ಸೋತ ಮೇಲೆ. ಉಳಿದವರಲ್ಲಿ ತಾನಾಗಿ ಶಾಟ್ ಹುಟ್ಟಿಸಬಲ್ಲವರು ಇರಲಿಲ್ಲ. ವೆಸ್ಟ್‌ಬ್ರೂಕ್‌ನ ಯೂಸೇಜ್ ರೇಟ್ 41.7ಕ್ಕೆ ಏರಿತು. ಅವನು ಕೋರ್ಟಿನಲ್ಲಿದ್ದಾಗ ಟೀಮಿನ ನೂರು ಪೊಸೆಷನ್‌ಗಳಲ್ಲಿ ಸುಮಾರು 42 ಅವನ ಶಾಟ್, ಫ್ರೀ ಥ್ರೋ ಅಥವಾ ಟರ್ನೋವರ್‌ನಲ್ಲಿ ಮುಗಿಯುತ್ತಿದ್ದವು. ಅಸಿಸ್ಟ್ ಇದರಲ್ಲಿ ಸೇರಿಯೇ ಇಲ್ಲ. ಅಷ್ಟು ಭಾರ ಹೊತ್ತು ಟ್ರೂ ಶೂಟಿಂಗ್ (ತ್ರೀ ಪಾಯಿಂಟರ್, ಫ್ರೀ ಥ್ರೋ ಎಲ್ಲ ಸೇರಿಸಿದ ಶೂಟಿಂಗ್ ಶೇಕಡಾ) ಲೀಗಿನ ಸರಾಸರಿಯಷ್ಟೇ ಇಟ್ಟುಕೊಂಡ, 55ರ ಆಸುಪಾಸು. ಭಾರ ಏರಿದಷ್ಟೂ ನಿಖರತೆ ಇಳಿಯುವುದೇ ಲೋಕರೂಢಿ, ಆದ್ದರಿಂದ ಈ "ಸರಾಸರಿ" ಸಾಧಾರಣದ್ದಲ್ಲ.

ನನ್ನ ಮತ ಕೇಳಿದರೆ ಹಾರ್ಡನ್‌ಗೆ ಕೊಟ್ಟಿದ್ದರೂ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಆದರೂ ವೆಸ್ಟ್‌ಬ್ರೂಕ್‌ಗೆ ಕೊಟ್ಟದ್ದು ತಪ್ಪಲ್ಲ. ಅದೇ ವರ್ಷದ ಪ್ಲೇಆಫ್‌ನಲ್ಲಿ ಅವನು ಬೆಂಚಿಗೆ ಹೋದ ಆ ಕೆಲವೇ ನಿಮಿಷಗಳಲ್ಲಿ ಥಂಡರ್ ಮುಳುಗಿಹೋಗುತ್ತಿತ್ತು.

ಕೊನೆ ನಿಮಿಷದಲ್ಲಿ ಚೆಂಡು ಅವನ ಕೈಗೆ ಕೊಡಬಹುದಾ?

ಮೂರು ಮ್ಯಾಚ್ ನೋಡಿ, ನೀವೇ ಹೇಳಿ.

2012ರ ಫೈನಲ್, 4ನೇ ಮ್ಯಾಚ್. ವೆಸ್ಟ್‌ಬ್ರೂಕ್ 32 ಶಾಟ್‌ನಲ್ಲಿ 20 ಹಾಕಿ 43 ಪಾಯಿಂಟ್ ಗಳಿಸಿದ. ಅವನಿಲ್ಲದಿದ್ದರೆ ಥಂಡರ್ ಆಟದಲ್ಲೇ ಇರುತ್ತಿರಲಿಲ್ಲ. ಕೊನೆಗೆ ಮಯಾಮಿ ಮೂರು ಪಾಯಿಂಟ್ ಮುಂದೆ, ಅವರ ಶಾಟ್ ಕ್ಲಾಕ್‌ನಲ್ಲಿ (ಎಸೆಯಲು ಕೊಡುವ ಸಮಯ) ಉಳಿದದ್ದು ಕೆಲವೇ ಸೆಕೆಂಡ್. ಸುಮ್ನೆ ಡಿಫೆಂಡ್ ಮಾಡಿದ್ದರೆ ಸಾಕಿತ್ತು. ಇವನು ಹೋಗಿ ಮಾರಿಯೊ ಚಾಮರ್ಸ್‌ನನ್ನು ಫೌಲ್ ಮಾಡಿದ. ಎರಡೂ ಫ್ರೀ ಥ್ರೋ ಬಿದ್ದವು, ಮ್ಯಾಚ್ ಮುಗಿಯಿತು.

2017ರ ಏಪ್ರಿಲ್, ಡೆನ್ವರ್. 42ನೇ ಟ್ರಿಪಲ್ ಡಬಲ್ ಮಾಡಿದ ಮ್ಯಾಚ್. ಎರಡು ಪಾಯಿಂಟ್ ಹಿಂದೆ, ಸಮಯ ಮುಗಿಯುತ್ತಿದೆ. ತ್ರೀ ಪಾಯಿಂಟ್ ಗೆರೆಯಿಂದ ಎಷ್ಟೋ ಹಿಂದಿನಿಂದ ಎಸೆದ. ಬಿತ್ತು. 50 ಪಾಯಿಂಟ್, ಗೆಲುವು, ಜೊತೆಗೆ ಡೆನ್ವರ್‌ನ ಪ್ಲೇಆಫ್ ಆಸೆಗೆ ಎಳ್ಳುನೀರು.

ಅದಾಗಿ ಎರಡೇ ವಾರದೊಳಗೆ, ಹ್ಯೂಸ್ಟನ್ ಎದುರು ಪ್ಲೇಆಫ್‌ನ 2ನೇ ಮ್ಯಾಚ್. 51 ಪಾಯಿಂಟ್‌ನ ಟ್ರಿಪಲ್ ಡಬಲ್. ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ 18 ಎಸೆದು ಹಾಕಿದ್ದು 4. ಸೋಲು.

ಮೂರರಲ್ಲೂ ಆಡಿದ್ದು ಒಂದೇ ಮನಸ್ಸು. ಡೆನ್ವರ್‌ನಲ್ಲಿ ಆ ಶಾಟ್ ಎಸೆಯುವ ಧೈರ್ಯ ಇದ್ದವನೇ ಹ್ಯೂಸ್ಟನ್‌ನಲ್ಲಿ ಹದಿನೆಂಟು ಎಸೆದದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕತ್ತರಿಸಿ ಎಸೆಯಲು ಯಾವ ಕೋಚ್‌ಗೂ ಆಗಲಿಲ್ಲ. ನಾನಾಗಿದ್ದರೆ, ಪಕ್ಕದಲ್ಲಿ ಡುರಾಂಟ್‌ನಂಥವನು ಇದ್ದಾಗ ಕೊಡುತ್ತಿರಲಿಲ್ಲ. ಇಲ್ಲದಾಗ ಕಣ್ಣು ಮುಚ್ಚಿ ಕೊಡುತ್ತಿದ್ದೆ.

ಹ್ಯೂಸ್ಟನ್‌ನಲ್ಲಿ ಅಷ್ಟು ಚೆನ್ನಾಗಿ ಆಡಿದೋನು ಲೇಕರ್ಸ್‌ನಲ್ಲಿ ಯಾಕೆ ಮುಗ್ಗರಿಸಿದ?

ಈ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಆಟಗಾರ ಅವನೇ, ಶೂಟಿಂಗ್ ಅದೇ. ಬದಲಾದದ್ದು ಅಕ್ಕಪಕ್ಕದ ನಾಲ್ವರು.

2020ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ತನ್ನ ಸೆಂಟರ್ ಕ್ಲಿಂಟ್ ಕಪೆಲಾನನ್ನೇ ಬಿಟ್ಟುಕೊಟ್ಟಿತು. 6 ಅಡಿ 5 ಇಂಚಿನ ಪಿ.ಜೆ. ಟಕರ್ ಸೆಂಟರ್ ಜಾಗದಲ್ಲಿ ಆಡಿದ. ಉಳಿದ ನಾಲ್ವರೂ ತ್ರೀ ಪಾಯಿಂಟ್ ಗೆರೆಯಾಚೆ ನಿಂತರು. ರಿಂಗ್ ಹತ್ತಿರ ಖಾಲಿ ಮೈದಾನ. ವೆಸ್ಟ್‌ಬ್ರೂಕ್ ಹೊರಗಿನಿಂದ ಎಸೆಯುವುದು ಕಡಿಮೆ ಮಾಡಿ ಒಳಗೆ ನುಗ್ಗಿದ. ಆ ಸೀಸನ್ 27.2 ಪಾಯಿಂಟ್, ಫೀಲ್ಡ್ ಗೋಲ್ 47.2 ಶೇಕಡಾ. ಆದರೆ ಪ್ಲೇಆಫ್ ಹೊತ್ತಿಗೆ ಕೋವಿಡ್ ಮತ್ತು ತೊಡೆಯ ನೋವು ಕಾಡಿದ್ದವು. ಲೇಕರ್ಸ್ ಅವನನ್ನು ಹೊರಗೆ ಖಾಲಿ ಬಿಟ್ಟು, ಒಳಗೆ ಗೋಡೆ ಕಟ್ಟಿ, 4-1ರಲ್ಲಿ ಸರಣಿ ಗೆದ್ದಿತು.

ವಿಚಿತ್ರ ನೋಡಿ, ಅವನನ್ನು ಹಾಗೆ ಕಟ್ಟಿಹಾಕಿದ ಅದೇ ಲೇಕರ್ಸ್ 2021ರಲ್ಲಿ ಅವನನ್ನು ತಂದುಕೊಂಡಿತು. ಬದಲಿಗೆ ಕೊಟ್ಟದ್ದು ಕುಜ್ಮಾ, ಕಾಲ್ಡ್‌ವೆಲ್ ಪೋಪ್, ಹ್ಯಾರೆಲ್ ಎಂಬ ಆಟಗಾರರನ್ನು. ಅಲ್ಲಿ ಚೆಂಡು ಲೆಬ್ರಾನ್ ಕೈಲಿ, ರಿಂಗ್ ಹತ್ತಿರ ಆಂಥೋನಿ ಡೇವಿಸ್. ವೆಸ್ಟ್‌ಬ್ರೂಕ್‌ಗೆ ಉಳಿದ ಜಾಗ ತ್ರೀ ಪಾಯಿಂಟ್ ಗೆರೆ, ಅಂದರೆ ಅವನು ಅತಿ ದುರ್ಬಲನಾದ ಜಾಗ. ಸಂಬಳ 4.4 ಕೋಟಿ ಡಾಲರ್ ಹತ್ತಿರ, ಹಾಗಾಗಿ ಶೂಟರ್‌ಗಳನ್ನು ಕೊಳ್ಳಲು ದುಡ್ಡೂ ಇಲ್ಲ. ಲೆಬ್ರಾನ್, ಡೇವಿಸ್ ಇಬ್ಬರೂ ಗಾಯದಿಂದ ಎಷ್ಟೋ ಮ್ಯಾಚ್ ತಪ್ಪಿಸಿಕೊಂಡದ್ದೂ ಸೇರಿ 33 ಗೆಲುವು, 49 ಸೋಲು, ಪ್ಲೇಆಫ್ ಇಲ್ಲ. ಜನ ಬೈದದ್ದು ಅವನನ್ನು. ನನ್ನ ಲೆಕ್ಕದಲ್ಲಿ ತಂದುಕೊಂಡವರ ತಪ್ಪೇ ಜಾಸ್ತಿ.

ವಯಸ್ಸಾದ ಮೇಲೆ ಇಂಥ ಆಟಗಾರನಲ್ಲಿ ಏನು ಉಳಿಯುತ್ತೆ?

ವೇಗದ ಮೇಲೆ ನಿಂತ ಗಾರ್ಡ್ ಮೂವತ್ತು ದಾಟಿದರೆ ಮುಗಿಯಿತು ಎಂಬ ಮಾತಿದೆ. ಇವನು ಬೆಂಚಿನಿಂದ ಬರಲು ಒಪ್ಪಿಕೊಂಡು ದಾರಿ ಹುಡುಕಿದ. ಡೆನ್ವರ್‌ನಲ್ಲಿ 2024-25ರಲ್ಲಿ 13.3 ಪಾಯಿಂಟ್, 6.1 ಅಸಿಸ್ಟ್. ಆ ಸೀಸನ್ನಿನಲ್ಲೇ 200 ಟ್ರಿಪಲ್ ಡಬಲ್ ಮುಟ್ಟಿದ ಮೊದಲಿಗನಾದ. ಅಲ್ಲಿ ಚೆಂಡು ನಿಕೊಲಾ ಯೊಕಿಚ್ ಕೈಲಿರುತ್ತದೆ. ಡಿಫೆಂಡರ್ ವೆಸ್ಟ್‌ಬ್ರೂಕ್‌ನನ್ನು ಬಿಟ್ಟು ಸರಿದು, ಬೆನ್ನು ತಿರುಗಿಸಿದ ತಕ್ಷಣ ಇವನು ರಿಂಗ್ ಕಡೆ ಕತ್ತರಿಸಿ ಓಡುತ್ತಿದ್ದ, ಪಾಸ್ ಬಂದು ಕೈಗೆ ಬೀಳುತ್ತಿತ್ತು. ಖಾಲಿ ಬಿಟ್ಟದ್ದಕ್ಕೆ ಇವನು ಕಂಡುಕೊಂಡ ಉತ್ತರ ಅದು. ಹತ್ತು ವರ್ಷ ಮೊದಲೇ ಇದನ್ನು ಮಾಡಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನಮ್ಮ ಕಾಲೇಜ್ ಟೀಮಿನ ಪಾಯಿಂಟ್ ಗಾರ್ಡ್‌ನ ಹೀಗೆ ಅಳೆಯಬಹುದಾ?

ಅಳೆಯಬಹುದು, ಆದರೆ ಎನ್‌ಬಿಎ ಅಂಕಿಗಳನ್ನು ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಬೆಂಚಿನ ಪಕ್ಕ ಕೂತುಕೊಳ್ಳಿ. ಅವನು ಚೆಂಡು ತಂದ ಪ್ರತಿ ಸಲ ಒಂದು ಸಾಲು ಬರೆಯಿರಿ: ಒಳ್ಳೆ ಶಾಟ್ ಸಿಕ್ಕಿತಾ, ಒತ್ತಾಯದ ಶಾಟಾ, ಚೆಂಡು ಹೋಯಿತಾ. ಬಿತ್ತೋ ಇಲ್ಲವೋ ಬರೆಯಬೇಡಿ. ಅದು ಶೂಟರ್‌ನ ಲೆಕ್ಕ, ಗಾರ್ಡ್‌ನದ್ದಲ್ಲ. ಇನ್ನೊಂದು ಕಾಲಮ್‌ನಲ್ಲಿ ಅವನು ಚೆಂಡು ಬಿಟ್ಟುಕೊಟ್ಟ ಮೇಲೆ ಏನು ಮಾಡಿದ ಎಂದು ಬರೆಯಿರಿ: ಓಡಿದನಾ, ಸ್ಕ್ರೀನ್ ಹಾಕಿದನಾ (ಡಿಫೆಂಡರ್‌ಗೆ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡುವುದು), ಸೊಂಟದ ಮೇಲೆ ಕೈಯಿಟ್ಟು ನಿಂತನಾ.

ಕಾಲೇಜ್ ಮಟ್ಟದಲ್ಲಿ ಝೋನ್ ಡಿಫೆನ್ಸ್ (ಆಳನ್ನಲ್ಲ, ಜಾಗವನ್ನು ಕಾಯುವುದು) ಜಾಸ್ತಿ ಎದುರಾಗುತ್ತದೆ. ರಿಂಗ್ ಸುತ್ತ ಜನ ತುಂಬಿರುತ್ತಾರೆ, ನುಗ್ಗುವುದು ಕಷ್ಟ. ಹಾಗಾಗಿ ಹೊರಗಿನ ಶಾಟ್ ಇಲ್ಲದ ವೇಗದ ಹುಡುಗ ಅಲ್ಲಿ ಇನ್ನೂ ಬೇಗ ಸಿಕ್ಕಿಬೀಳುತ್ತಾನೆ. ಎದುರಾಳಿಗಳು ಝೋನ್ ಕಟ್ಟಿಕೊಳ್ಳುವ ಮೊದಲೇ ಓಡಲು ಅವನಿಗೆ ಹೇಳಿ. ಮ್ಯಾಚ್ ಮುಗಿದ ಮೇಲೆ ಆ ನೋಟ್‌ಬುಕ್ಕನ್ನು ಮೊದಲು ಅವನ ಕೈಗೇ ಕೊಡಿ, ಕೋಚ್‌ಗೆ ಆಮೇಲೆ ತೋರಿಸಿದರಾಯಿತು.